ಬಚ್ಚಲಿನ ಗೋಡೆಯ ತೇವ: ಹುಡುಕಿದ್ದು, ಒಡೆದದ್ದು, ಮತ್ತೆ ಕಟ್ಟಿದ್ದು

ಮೊದಲ ಮಹಡಿಯಲ್ಲಿ ಮಲಗುವ ಕೋಣೆಗೂ ಬಚ್ಚಲಿಗೂ ನಡುವೆ ಒಂದೇ ಗೋಡೆ. ಕೋಣೆಯ ಕಡೆಯಿಂದ, ಸೊಂಟದೆತ್ತರದಲ್ಲಿ, ಅಂಗೈಯಗಲದ ತೇವದ ಕಲೆ ಕಾಣಿಸಿಕೊಂಡು ಎರಡು ವರ್ಷವಾಗಿತ್ತು. ಎರಡು ಸಲ ಕೆರೆಸಿ, ಪುಟ್ಟಿ ಹಚ್ಚಿಸಿ, ತೇವ ತಡೆಯುವ ಬಣ್ಣ ಬಳಿಸಿದೆವು. ಎರಡು ಸಲವೂ ಕೆಲವೇ ತಿಂಗಳಲ್ಲಿ ಬಣ್ಣ ಗುಳ್ಳೆ ಎದ್ದು ಒಡೆಯಿತು, ಒಳಗಿನಿಂದ ಹತ್ತಿಯ ಎಳೆಯಂತಹ ಬಿಳಿ ಉಪ್ಪು ಹೊರಬಂತು. ಬಣ್ಣ ಮುಚ್ಚುವುದು ಗೋಡೆಯ ಹೊರಮೈಯನ್ನು, ನೀರು ಬರುವುದು ಗೋಡೆಯ ಹೊಟ್ಟೆಯಿಂದ. ಇಟ್ಟಿಗೆ ಮತ್ತು ಗಾರೆಯಲ್ಲಿರುವ ಲವಣವನ್ನು ಕರಗಿಸಿಕೊಂಡು ಬರುವ ಆ ನೀರು ಮೇಲ್ಮೈಗೆ ಬಂದು ಆರುತ್ತದೆ. ಆಗ ಲವಣ ಹರಳುಗಟ್ಟಿ ಬಣ್ಣದ ಪದರವನ್ನು ಹಿಂದಿನಿಂದ ತಳ್ಳುತ್ತದೆ. ಆ ಒತ್ತಡವನ್ನು ಯಾವ ಬಣ್ಣವೂ ಬಹಳ ದಿನ ತಾಳುವುದಿಲ್ಲ.

ಕೆಳಗಿನ ಕೋಣೆಯ ಸೀಲಿಂಗಿನಲ್ಲೂ ಕಂದು ಉಂಗುರ ಮೂಡಿದ ದಿನ ನಾನು ಎರಡು ನಿಯಮ ಹಾಕಿಕೊಂಡೆ. ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಕಣ್ಣಾರೆ ಕಾಣುವ ತನಕ ಸುತ್ತಿಗೆ ಎತ್ತುವುದಿಲ್ಲ. ಮತ್ತೆ ಕಟ್ಟುವಾಗ, ನೀರಿನಿಂದ ಪರೀಕ್ಷಿಸದೆ ಯಾವ ಪದರವನ್ನೂ ಮುಚ್ಚಲು ಬಿಡುವುದಿಲ್ಲ. ಮುಂದಿರುವುದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಇದ್ದಂತೆಯೇ, ಸ್ವಲ್ಪ ವಿವರಿಸಿ ಬರೆದದ್ದು.

1ನೇ ದಿನ

ಕಲೆಯ ಅಂಚಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆದೆ. ಸೀಲಿಂಗಿನ ಉಂಗುರಕ್ಕೂ ಹಾಗೆಯೇ. ಕಲೆ ದೊಡ್ಡದಾಗುತ್ತಿದೆಯೋ ಇಲ್ಲವೋ ಎಂಬುದನ್ನು ನೆನಪಿನಿಂದ ಹೇಳಲು ಹೋದರೆ ಮನೆಯವರೆಲ್ಲ ಒಂದೊಂದು ಮಾತು ಹೇಳುತ್ತಾರೆ. ಗೆರೆ ಇದ್ದರೆ ವಾದವಿಲ್ಲ.

ಕಲೆಯ ಮೇಲೆ ಒಂದು ಅಡಿ ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿದೆ. ಎರಡು ದಿನ ಬಿಟ್ಟು ನೋಡಬೇಕು. ಹಾಳೆಯ ಕೋಣೆಯ ಕಡೆಯ ಮೈ ಒದ್ದೆಯಾದರೆ ಅದು ಗಾಳಿಯ ತೇವ ತಣ್ಣನೆಯ ಗೋಡೆಯ ಮೇಲೆ ಇಬ್ಬನಿಯಂತೆ ಕೂರುತ್ತಿರುವುದು. ಅದಕ್ಕೆ ಬೇಕಾದದ್ದು ಗಾಳಿಯಾಟ, ಸುತ್ತಿಗೆಯಲ್ಲ. ಗೋಡೆಯ ಕಡೆಯ ಮೈ ಒದ್ದೆಯಾದರೆ ನೀರು ಗೋಡೆಯೊಳಗಿನಿಂದಲೇ ಬರುತ್ತಿದೆ.

3ನೇ ದಿನ

ಹಾಳೆಯ ಹಿಂಬದಿಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಹನಿಗಳು ಒತ್ತೊತ್ತಾಗಿ ಕೂತಿದ್ದವು. ಮುಂಬದಿ ಒಣಗಿತ್ತು. ಗೋಡೆಯೊಳಗಿನ ನೀರೇ ಎಂಬುದು ಖಚಿತವಾಯಿತು. ಆದರೆ ಆ ನೀರು ನಲ್ಲಿಗೆ ಬರುವ ಕೊಳವೆಯದೋ, ಬಳಸಿ ಹೊರಹೋಗುವ ಕೊಳವೆಯದೋ, ನೆಲದಿಂದ ಇಳಿಯುತ್ತಿರುವುದೋ?

4ರಿಂದ 9ನೇ ದಿನ: ಮೂರು ಪರೀಕ್ಷೆ

ಇಲ್ಲಿ ಅವಸರ ಮಾಡಬಾರದು. ಸೋರಿಕೆ ಎಂದರೆ ಸಾಮಾನ್ಯವಾಗಿ ಮೇಸ್ತ್ರಿಗಳು ನೆಲ ಒಡೆಯಲು ಹೇಳುತ್ತಾರೆ, ಪ್ಲಂಬರ್‌ಗಳು ಗೋಡೆ ಒಡೆಯಲು ಹೇಳುತ್ತಾರೆ. ಇಬ್ಬರೂ ತಮ್ಮ ಅನುಭವದಿಂದ ಪ್ರಾಮಾಣಿಕವಾಗಿಯೇ ಹೇಳುವ ಮಾತು. ನನಗೆ ಬೇಕಾಗಿದ್ದದ್ದು ಈ ಬಚ್ಚಲು ಏನು ಹೇಳುತ್ತದೆ ಎಂಬುದು.

ಮೊದಲು ಒತ್ತಡದ ಕೊಳವೆ. ಬಚ್ಚಲಿಗೆ ಬರುವ ವಾಲ್ವ್ ಮುಚ್ಚಿ, ಷವರ್ ಬಿಚ್ಚಿ, ಆ ಬಾಯಿಗೆ ಕೈಪಂಪು ಮತ್ತು ಗೇಜ್ ಕೂರಿಸಿದೆವು. ಮೇಲಿನ ಟ್ಯಾಂಕಿನ ಒತ್ತಡವನ್ನು ಮಾತ್ರ ನಂಬಿ ಪರೀಕ್ಷೆ ಮಾಡಿದರೆ ಸಣ್ಣ ಬಿರುಕು ಸಿಕ್ಕಿಬೀಳುವುದಿಲ್ಲ. ಹತ್ತು ಮೀಟರ್ ಎತ್ತರದ ನೀರು ಕೊಡುವುದು ಸುಮಾರು 1 ಬಾರ್ ಒತ್ತಡ ಅಷ್ಟೇ, ಬಹುತೇಕ ಮನೆಗಳಲ್ಲಿ ಟ್ಯಾಂಕ್ ಅಷ್ಟು ಎತ್ತರದಲ್ಲೂ ಇರುವುದಿಲ್ಲ. ಕೊಳವೆಯೊಳಗಿನ ಗಾಳಿಯನ್ನು ಪೂರ್ತಿ ಹೊರಬಿಟ್ಟು, ನಿಧಾನವಾಗಿ 6 ಬಾರ್‌ಗೆ ಏರಿಸಿದೆವು. ಗಾಳಿ ಉಳಿದರೆ ಗೇಜಿನ ಮುಳ್ಳು ಸುಳ್ಳು ಹೇಳುತ್ತದೆ. ಒತ್ತಿದ ಗಾಳಿ ಅಪಾಯವೂ ಹೌದು. ತಣ್ಣೀರಿನ ಕೊಳವೆಯಲ್ಲಿ ಮುಳ್ಳು ಅಲ್ಲಾಡಲಿಲ್ಲ. ಬಿಸಿನೀರಿನ ಕೊಳವೆಯಲ್ಲಿ ಇಪ್ಪತ್ತು ನಿಮಿಷಕ್ಕೆ 6ರಿಂದ ಮೂರೂವರೆಗೆ ಇಳಿಯಿತು. ಗೋಡೆಯ ಕಲೆಯ ಮೂಲ ಸಿಕ್ಕಿತು.

ಇಲ್ಲಿಗೆ ನಿಲ್ಲಿಸಿ ಗೋಡೆ ಒಡೆದಿದ್ದರೆ ಅರ್ಧ ಕೆಲಸವಾಗುತ್ತಿತ್ತು. ಸೀಲಿಂಗಿನ ಉಂಗುರ ಇದ್ದದ್ದು ಬಿಸಿನೀರಿನ ನಲ್ಲಿಯಿಂದ ಒಂದೂವರೆ ಮೀಟರ್ ದೂರದಲ್ಲಿ, ನಹನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ಬಾಯಿಯ) ಕೆಳಗೆ. ಹಾಗಾಗಿ ಆ ವಾಲ್ವನ್ನು ಮುಚ್ಚಿಯೇ ಇಟ್ಟು ಎರಡನೆಯ ಪರೀಕ್ಷೆಗೆ ಹೋದೆ. ಒಂದು ರಬ್ಬರ್ ಕೊಳವೆಯನ್ನು ಟ್ರ್ಯಾಪಿನ ಒಳಗೆ ಇಳಿಸಿ, ನೆಲ ಒದ್ದೆಯಾಗದಂತೆ, ಬಣ್ಣ ಕಲಸಿದ ಹತ್ತು ಬಕೆಟ್ ನೀರು ಬಿಟ್ಟೆ. ಎರಡು ದಿನ ಕಾದರೂ ಸೀಲಿಂಗಿನಲ್ಲಿ ಏನೂ ಇಲ್ಲ. ಹೊರಹೋಗುವ ಕೊಳವೆ ನಿರಪರಾಧಿ.

ಮೂರನೆಯದು ನೆಲ. ಟ್ರ್ಯಾಪಿನ ಬಾಯಿಯನ್ನು ಒಳಗಿನಿಂದ ಬಿಗಿಯಾಗಿ ಮುಚ್ಚಿ, ಬಾಗಿಲಿಗೆ ಗಾರೆಯ ಕಟ್ಟೆ ಕಟ್ಟಿ, ಮೂರು ಸೆಂಟಿಮೀಟರ್ ನೀರು ನಿಲ್ಲಿಸಿದೆ. ಪಕ್ಕದಲ್ಲಿ ಅಗಲಬಾಯಿಯ ಒಂದು ಬೋಗುಣಿಯಲ್ಲೂ ಅಷ್ಟೇ ಆಳದ ನೀರು ಇಟ್ಟೆ. ಈ ಬೋಗುಣಿಯನ್ನು ಮರೆಯಬಾರದು. ನೀರು ಗಾಳಿಗೂ ಆರುತ್ತದೆ, ಅದು ಎಷ್ಟು ಎಂದು ಬೋಗುಣಿ ಹೇಳುತ್ತದೆ. ಇಪ್ಪತ್ನಾಲ್ಕು ಗಂಟೆಯ ಮೇಲೆ ಬೋಗುಣಿಯಲ್ಲಿ 2 ಮಿಲಿಮೀಟರ್ ಇಳಿದಿತ್ತು, ನೆಲದಲ್ಲಿ 9. ಸಂಜೆ ಕೆಳಗಿನ ಕೋಣೆಯಲ್ಲಿ ಸೀಲಿಂಗಿನಿಂದ ಮೊದಲ ಹನಿ ಬಿತ್ತು.

ಒಂದೇ ಬಚ್ಚಲಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸೋರಿಕೆ. ಯಾವುದಾದರೂ ಒಂದನ್ನು ಮಾತ್ರ ಸರಿಪಡಿಸಿದ್ದರೆ ಇನ್ನೊಂದು ಉಳಿದು, ಮಾಡಿದ ಕೆಲಸವೇ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಬರುತ್ತಿದ್ದೆವು.

11ನೇ ದಿನ: ಒಡೆತ

ಮೊದಲು ಗೋಡೆ. ಟೈಲ್ಸ್ ತೆಗೆದು, ಉಳಿಯಿಂದ ಗಾರೆ ಬಿಡಿಸಿದ ಮೇಲೆ ಬಿಸಿನೀರಿನ ಎಲ್ಬೋ, ಅಂದರೆ ಕೊಳವೆಯ ಬಾಗಿದ ಜೋಡಣೆ, ಕಂಡಿತು. ನೋಡಿದರೆ ಏನೂ ಆಗಿಲ್ಲ. ಒಣಬಟ್ಟೆಯಿಂದ ಒರೆಸಿ, ಹೆಬ್ಬೆರಳಿನಿಂದ ನಲ್ಲಿಯ ಮೂತಿಯನ್ನು ಸ್ವಲ್ಪ ತಿರುಚಿದಾಗ, ಎಲ್ಬೋದ ಉದ್ದಕ್ಕೂ ಕೂದಲಿನಷ್ಟು ತೆಳುವಾದ ಗೆರೆಯೊಂದು ಬಾಯಿಬಿಟ್ಟು ಅದರ ಮೇಲೆ ನೀರಿನ ಮಣಿ ಮೂಡಿತು. ಬೆರಳು ಬಿಟ್ಟರೆ ಗೆರೆ ಮಾಯ. ಕಾರಣವೂ ಅಲ್ಲೇ ಇತ್ತು: ಪ್ಲಾಸ್ಟಿಕ್ಕಿನ ಮರೆ (ತಿರುಪಿನ ಸುರುಳಿ), ಅದರೊಳಗೆ ಹಿತ್ತಾಳೆಯ ನಲ್ಲಿ, ನಡುವೆ ದಪ್ಪವಾಗಿ ಸುತ್ತಿದ ಟೇಪ್ ಮತ್ತು ನಾರು, ಮೇಲೆ ಪೈಪ್ ಪಾನದ (ಕೊಳವೆ ತಿರುಗಿಸುವ ಸಲಕರಣೆಯ) ಪೂರ್ತಿ ಬಲ. ಸುತ್ತಿದ್ದು ದಪ್ಪವಾದಷ್ಟೂ ಒಳಗಿನ ಹಿತ್ತಾಳೆ ಬೆಣೆಯಂತೆ ಕೆಲಸ ಮಾಡಿ ಪ್ಲಾಸ್ಟಿಕ್ಕನ್ನು ಸೀಳುತ್ತದೆ. ಅಂದೇ ಸೀಳದಿದ್ದರೂ, ಬಿಸಿನೀರಿಗೆ ದಿನವೂ ಹಿಗ್ಗಿ ಕುಗ್ಗಿ ಕೆಲವು ವರ್ಷಗಳಲ್ಲಿ ಸೀಳುತ್ತದೆ. ನಲ್ಲಿ ಕೂರುವ ಜಾಗಕ್ಕೆಲ್ಲ ಒಳಗೆ ಹಿತ್ತಾಳೆಯ ಮರೆ ಇರುವ ಎಲ್ಬೋವನ್ನೇ ಹಾಕಬೇಕು. ಮನೆ ಕಟ್ಟುತ್ತಿರುವವರು ಪ್ಲಂಬಿಂಗ್ ಸಾಮಾನಿನ ಪಟ್ಟಿಯಲ್ಲಿ ಇದನ್ನು ತಾವೇ ಹುಡುಕಿ ನೋಡಿ. ಗೋಡೆ ಮುಚ್ಚಿದ ಮೇಲೆ ಇದನ್ನು ಬದಲಿಸಲು ಟೈಲ್ಸ್ ಒಡೆಯದೆ ದಾರಿ ಇಲ್ಲ.

ನೆಲದ ಟೈಲ್ಸ್ ಎಬ್ಬಿಸಲು ಕಷ್ಟವೇ ಆಗಲಿಲ್ಲ, ಅದೇ ರೋಗದ ಲಕ್ಷಣ. ಪ್ರತಿ ಟೈಲಿನ ಕೆಳಗೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಸಿಮೆಂಟ್ ಉಂಡೆ, ಉಳಿದದ್ದೆಲ್ಲ ಪೊಳ್ಳು. ಸಂದಿನಿಂದ ಇಳಿದ ನೀರು ಆ ಪೊಳ್ಳಿನಲ್ಲಿ ನಿಲ್ಲುತ್ತಿತ್ತು. ಅದರ ಕೆಳಗೆ ಸಂಕನ್ ಸ್ಲ್ಯಾಬಿನಲ್ಲಿ (ಕೊಳವೆಗಳಿಗಾಗಿ ತಗ್ಗಿಸಿ ಕಟ್ಟಿದ ಕಾಂಕ್ರೀಟ್ ನೆಲದಲ್ಲಿ) ತುಂಬಿದ್ದ ಇಟ್ಟಿಗೆ ಚೂರು ಬಾವಿಯ ತಳದ ಮಣ್ಣಿನಂತೆ ನೆನೆದಿತ್ತು. 300 ಮಿಲಿಮೀಟರ್ ಆಳದ ತುಂಬುವಿಕೆಯಲ್ಲಿ ಮೂರನೆಯ ಒಂದು ಭಾಗ ಖಾಲಿ ಜಾಗವಿದೆ ಎಂದಿಟ್ಟುಕೊಂಡರೂ ಒಂದು ಚದರ ಮೀಟರಿಗೆ 100 ಲೀಟರ್ ನೀರು ಹಿಡಿಯುತ್ತದೆ. ಬಚ್ಚಲು ಬಳಸದೆ ವಾರಗಟ್ಟಲೆ ಬಿಟ್ಟರೂ ಸೀಲಿಂಗ್ ಆರದೆ ಇದ್ದದ್ದು ಇದಕ್ಕೇ.

ಟ್ರ್ಯಾಪಿನ ಸುತ್ತ ನೋಡಿದಾಗ ನಿಜಕ್ಕೂ ಬೇಸರವಾಯಿತು. ಸ್ಲ್ಯಾಬಿನಲ್ಲಿ ಕೊರೆದ ತೂತಿಗೂ ಕೊಳವೆಗೂ ನಡುವೆ ಎರಡು ಬೆರಳಿನ ಅಂತರ. ಅದರಲ್ಲಿ ಇಟ್ಟಿಗೆ ಚೂರು, ಸಿಮೆಂಟ್ ಚೀಲದ ತುಂಡು, ಮೇಲೆ ಒಂದು ಕರಣೆಯಷ್ಟು ಗಾರೆ. ಹಳೆಯ ಜಲನಿರೋಧಕ ಲೇಪನ ಆ ತೂತಿನ ಅಂಚಿಗೆ ಬಂದು ನಿಂತುಬಿಟ್ಟಿತ್ತು. ಬಚ್ಚಲಿನ ನೀರೆಲ್ಲ ಬಂದು ಸೇರುವ ಜಾಗದಲ್ಲೇ ತಡೆ ಇರಲಿಲ್ಲ.

13ನೇ ದಿನ

ತೊಟ್ಟಿಯಂತಿದ್ದ ಸಂಕನ್ ಭಾಗವನ್ನೆಲ್ಲ ಖಾಲಿ ಮಾಡಿ, ಕಾಂಕ್ರೀಟ್ ಕಾಣುವ ತನಕ ಕೆರೆದು, ತೊಳೆದು, ಆರಲು ಬಿಟ್ಟೆವು. ತೂತಿನ ಅಂಚಿನಲ್ಲಿ ಒಂದು ಸರಳು ತುಕ್ಕು ಹಿಡಿದಿತ್ತು. ತಂತಿ ಬ್ರಷ್ಷಿನಿಂದ ಲೋಹ ಹೊಳೆಯುವ ತನಕ ಉಜ್ಜಿ ಸತುವಿನ ಪ್ರೈಮರ್ ಹಚ್ಚಿದೆವು.

16ನೇ ದಿನ: ಕೊಳವೆ

ಹೊಸ ಕೊಳವೆಗೆ ಗೋಡೆ ಕೊರೆಯುವಾಗ ಅಡ್ಡಗಾಡಿಯ (ಅಡ್ಡಕ್ಕೆ ಕೊರೆದ ಕಾಲುವೆಯ) ಆಳ ಗೋಡೆಯ ದಪ್ಪದ ಆರನೆಯ ಒಂದು ಭಾಗವನ್ನು, ನೇರಗಾಡಿಯ (ಮೇಲಿಂದ ಕೆಳಕ್ಕೆ ಕೊರೆದದ್ದರ) ಆಳ ಮೂರನೆಯ ಒಂದು ಭಾಗವನ್ನು ಮೀರಬಾರದು. ಅಡ್ಡ ಕೊರೆತ ಗೋಡೆಯನ್ನು ಹೆಚ್ಚು ದುರ್ಬಲಗೊಳಿಸುತ್ತದೆ. ಹಾಗಾಗಿ ಅಡ್ಡ ಹೋಗಬೇಕಾದದ್ದನ್ನು ನೆಲದ ತುಂಬುವಿಕೆಯಲ್ಲೇ ಒಯ್ದು, ಬೇಕಾದಲ್ಲಿ ನೇರ ಮೇಲಕ್ಕೆ ಎಬ್ಬಿಸಿದೆವು.

ಮಿಕ್ಸರ್ (ಬಿಸಿನೀರು ತಣ್ಣೀರು ಬೆರೆಸುವ ನಲ್ಲಿ) ಕೂರಿಸುವಾಗ ಒಂದು ತಪ್ಪು ಆಗುವುದರಲ್ಲಿತ್ತು. ಅದರ ಬಾಯಿಯನ್ನು ಇಟ್ಟಿಗೆಯ ಮೈಗೆ ಸಮವಾಗಿ ಕೂರಿಸಿ ಪ್ಲಂಬರ್ ಮುಗಿಸಿದ್ದರು. ಅದರ ಮೇಲೆ ಇನ್ನೂ 12 ಮಿಲಿಮೀಟರ್ ಗಿಲಾವು, 5 ಮಿಲಿಮೀಟರ್ ಅಂಟು, 8 ಮಿಲಿಮೀಟರ್ ಟೈಲ್ ಬರಬೇಕು, ಒಟ್ಟು 25. ಅಷ್ಟು ಒಳಗೆ ಹೋದರೆ ಮುಂದೆ ಹಿಡಿ ಕೂರುವುದಿಲ್ಲ, ಉದ್ದ ಮಾಡುವ ತುಂಡು ಹಾಕಬೇಕು, ಅದು ಇನ್ನೊಂದು ಸಂದು, ಇನ್ನೊಂದು ಸೋರಿಕೆಯ ಬಾಯಿ. ಟೈಲಿನ ಚೂರನ್ನು 17 ಮಿಲಿಮೀಟರ್ ದಪ್ಪದ ಮರದ ಪಟ್ಟಿಯ ಮೇಲಿಟ್ಟು ಗೋಡೆಗೆ ಹಿಡಿದು ತೋರಿಸಿದೆ. ಅವರು ಒಂದು ಗಳಿಗೆ ನೋಡಿ, "ಸರಿ ಅಮ್ಮ, ಬಿಚ್ಚಿ ಹೊರಗೆ ತರುತ್ತೇನೆ" ಎಂದು ಆಗಲೇ ಸರಿಪಡಿಸಿದರು. ಮಿಕ್ಸರ್ ಮೇಲಿನ ಪ್ಲಾಸ್ಟಿಕ್ ಮುಚ್ಚಳದಲ್ಲಿ ಟೈಲಿನ ಮೈ ಎಲ್ಲಿಗೆ ಬರಬೇಕು ಎಂಬುದಕ್ಕೆ ಎರಡು ಗೆರೆ ಇರುತ್ತವೆ. ಆ ಮುಚ್ಚಳವನ್ನು ಟೈಲ್ಸ್ ಮುಗಿಯುವ ತನಕ ತೆಗೆಯಬೇಡಿ.

ಅಂಟಿಸಿದ ಸಂದುಗಳು ಒಂದು ದಿನ ಗಟ್ಟಿಯಾಗಲು ಬಿಟ್ಟು, ಮತ್ತೆ ಕೈಪಂಪು. ಈ ಸಲ 8 ಬಾರ್, ಎರಡು ಗಂಟೆ. ಮುಳ್ಳು ಕದಲಲಿಲ್ಲ. ಮುಚ್ಚುವ ಮೊದಲು ಪ್ರತಿ ಗೋಡೆಗೂ ಅಳತೆ ಟೇಪನ್ನು ಮೂಲೆಯಿಂದ ಬಿಚ್ಚಿ ಹಿಡಿದು, ಟೇಪಿನ ಅಂಕೆ ಕಾಣುವಂತೆ ಫೋಟೊ ತೆಗೆದೆ. ಮುಂದೆ ಯಾರಾದರೂ ಈ ಗೋಡೆಗೆ ಮೊಳೆ ಹೊಡೆಯುವ ಮೊದಲು ಈ ಫೋಟೊ ನೋಡುತ್ತಾರೆ.

18ನೇ ದಿನ: ಟ್ರ್ಯಾಪ್

ತೂತಿನ ಒಳಮೈಯನ್ನು ಉಳಿಯಿಂದ ಒರಟು ಮಾಡಿ, ಕೆಳಗಿನಿಂದ ಹಲಗೆ ಆನಿಸಿ, ಕೊಳವೆಯ ಮೈಯನ್ನೂ ಮರಳು ಕಾಗದದಿಂದ ಉಜ್ಜಿ, ಕುಗ್ಗದ ಗ್ರೌಟ್ (ಸಂದು ತುಂಬುವ ತೆಳು ಗಾರೆ) ಸುರಿದೆವು. ಸಾಮಾನ್ಯ ಗಾರೆ ಆರುವಾಗ ಕುಗ್ಗಿ ಕೊಳವೆಯ ಸುತ್ತ ಕೂದಲಿನಷ್ಟು ಸಂದು ಬಿಡುತ್ತದೆ. ಪ್ಲಾಸ್ಟಿಕ್ಕಿಗೆ ಸಿಮೆಂಟ್ ತಾನಾಗಿ ಹಿಡಿಯುವುದೂ ಇಲ್ಲ. ಟ್ರ್ಯಾಪಿನಲ್ಲಿ ನಿಲ್ಲುವ ನೀರಿನ ತಡೆ 50 ಮಿಲಿಮೀಟರ್ ಇರುವುದನ್ನು ಅಳೆದು ನೋಡಿಯೇ ಕೂರಿಸಿದೆವು. ಅದಕ್ಕಿಂತ ಕಡಿಮೆಯಾದರೆ ಬೇಗ ಆರಿ ಚರಂಡಿಯ ವಾಸನೆ ಒಳಗೆ ಬರುತ್ತದೆ.

21ರಿಂದ 31ನೇ ದಿನ: ಲೇಪನ, ಮತ್ತು ಸೋತ ಪರೀಕ್ಷೆ

ನೆಲ ಗೋಡೆಯನ್ನು ಕೂಡುವ ಮೂಲೆಯನ್ನು ಚೂಪಾಗಿ ಬಿಡಬಾರದು. ಅಲ್ಲಿ ಲೇಪನ ಮಡಚಿಕೊಂಡು ತೆಳುವಾಗುತ್ತದೆ, ಕಟ್ಟಡ ಸ್ವಲ್ಪ ಅಲುಗಿದರೂ ಮೊದಲು ಹರಿಯುವುದು ಅದೇ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆಗೆ ಪಾಲಿಮರ್ ಬೆರೆಸಿ, ಎಲ್ಲ ಮೂಲೆಗಳಿಗೂ ಓರೆಯಾದ ಅಂಚು ಕಟ್ಟಿದೆವು. ಅದು ಗಟ್ಟಿಯಾದ ಮೇಲೆ ಎರಡು ಭಾಗದ ಸಿಮೆಂಟ್–ಪಾಲಿಮರ್ ಲೇಪನ. ದ್ರವಕ್ಕೆ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತಾ ನಿಧಾನಗತಿಯ ಡ್ರಿಲ್‌ನಿಂದ ಕಲಸಬೇಕು, ಪುಡಿಗೆ ದ್ರವ ಸುರಿಯಬಾರದು. ಕೆಲಸ ಸುಲಭವಾಗಲೆಂದು ನೀರು ಬೆರೆಸುವುದಂತೂ ಬೇಡವೇ ಬೇಡ. ಕಾಂಕ್ರೀಟ್ ಒದ್ದೆ ಇರಬೇಕು, ಆದರೆ ಮೇಲೆ ನೀರು ಹೊಳೆಯಬಾರದು. ಮೊದಲ ಕೈ ಒಂದು ದಿಕ್ಕಿಗೆ. ಹಸಿಯಿರುವಾಗಲೇ ಮೂಲೆಗಳಲ್ಲೂ ಟ್ರ್ಯಾಪಿನ ಸುತ್ತಲೂ ಗಾಜಿನ ನಾರಿನ ಬಲೆ ಒತ್ತಿ ಕೂರಿಸುವುದು. ಅದು ಆರಿದ ಮೇಲೆ ಎರಡನೆಯ ಕೈ ಅಡ್ಡ ದಿಕ್ಕಿಗೆ. ಮೊದಲ ಬ್ರಷ್ ಗೆರೆಗಳ ನಡುವೆ ಉಳಿದ ಸೂಜಿತೂತುಗಳನ್ನು ಮುಚ್ಚುವುದು ಈ ಅಡ್ಡ ಕೈ. ಗೋಡೆಗೆ 300 ಮಿಲಿಮೀಟರ್ ಎತ್ತರ, ಷವರ್ ಇರುವ ಗೋಡೆಗೆ ತಲೆಗಿಂತ ಮೇಲಕ್ಕೆ. ಟ್ರ್ಯಾಪಿನ ಕತ್ತಿನೊಳಕ್ಕೂ ಇಳಿಸಿದೆವು. ಹಳೆಯದರಲ್ಲಿ ಇಲ್ಲದೆ ಇದ್ದದ್ದು ಅದೇ.

ಮೂರು ದಿನ ಗಟ್ಟಿಯಾಗಲು ಬಿಟ್ಟು, ಟ್ರ್ಯಾಪ್ ಮುಚ್ಚಿ, ಬೋಗುಣಿಯನ್ನು ಪಕ್ಕದಲ್ಲಿಟ್ಟು ನೀರು ನಿಲ್ಲಿಸಿದೆವು. ಇಪ್ಪತ್ನಾಲ್ಕು ಗಂಟೆಗೆ ಬೋಗುಣಿಯಲ್ಲಿ 2 ಮಿಲಿಮೀಟರ್, ನೆಲದಲ್ಲಿ 6. ಮೇಸ್ತ್ರಿ, "ಹೊಸ ಲೇಪನ ಸ್ವಲ್ಪ ನೀರು ಹೀರುತ್ತದೆ ಅಮ್ಮ, ಟೈಲ್ಸ್ ಹಾಕೋಣ" ಎಂದರು. ಹೀರುವುದಾದರೆ ಎರಡನೆಯ ದಿನ ಇಳಿಯಬಾರದು, ಇನ್ನೊಂದು ದಿನ ನೋಡೋಣ ಎಂದೆ. ಎರಡನೆಯ ದಿನವೂ ಇಳಿಯಿತು. ನೀರು ತೆಗೆದು ಮೊಣಕಾಲೂರಿ ಟಾರ್ಚ್ ಹಿಡಿದು ಅಂಚನ್ನೆಲ್ಲ ಹುಡುಕಿದೆವು. ಬಾಗಿಲ ಹೊಸ್ತಿಲಿನ ಎಡ ಮೂಲೆಯಲ್ಲಿ, ಬಾಗಿಲ ಚೌಕಟ್ಟಿನ ಕಾಲು ಇಳಿದ ಜಾಗದಲ್ಲಿ, ಲೇಪನ ಚೌಕಟ್ಟಿಗೆ ತಾಗಿ ನಿಂತಿತ್ತು. ಅದರ ಹಿಂದೆ ಕಾಗದದ ದಪ್ಪದ ಸಂದು. ನೀರು ಅಲ್ಲಿಂದ ಹೊರಗಿನ ನೆಲದ ಕೆಳಕ್ಕೆ ಹೋಗುತ್ತಿತ್ತು. ಟೈಲ್ಸ್ ಹಾಕಿದ್ದರೆ ಇನ್ನೆರಡು ವರ್ಷಕ್ಕೆ ಬಾಗಿಲ ಚೌಕಟ್ಟು ಬುಡದಿಂದ ಕೊಳೆಯುತ್ತಿತ್ತು. ಸಂದನ್ನು ಕೆರೆದು, ತುಂಬಿ, ಬಲೆ ಹಾಕಿ, ಲೇಪನವನ್ನು ಹೊಸ್ತಿಲಿನ ಮೇಲೇರಿಸಿ ಆಚೆ ಬದಿಗೂ ಇಳಿಸಿದೆವು.

ಮತ್ತೆ ಮೂರು ದಿನ ಬಿಡುವು, ಮತ್ತೆ ನೀರು, ನಲವತ್ತೆಂಟು ಗಂಟೆ. ಬೋಗುಣಿಯಲ್ಲೂ ನೆಲದಲ್ಲೂ ಒಂದೇ ಅಳತೆ. ಪರೀಕ್ಷೆ ಮುಗಿದ ಮೇಲೆ ಮೇಸ್ತ್ರಿ ತಾವಾಗಿಯೇ ಕರಣೆ ಕೆಳಗಿಟ್ಟು ಆ ಮೂಲೆಯನ್ನು ಇನ್ನೊಮ್ಮೆ ಕೈಯಿಂದ ಸವರಿ ನೋಡಿದರು.

32ನೇ ದಿನ

ಇಟ್ಟಿಗೆ ಚೂರಿನ ಬದಲು ಹಗುರ ಕಾಂಕ್ರೀಟ್ ತುಂಬಿಸಿದೆವು. ತುಂಬುವವರು ಓಡಾಡುವಾಗ ಲೇಪನದ ಮೇಲೆ ದಪ್ಪ ಗೋಣಿ ಹಾಸಿದ್ದೆ. ಬೂಟಿನಡಿಯ ಒಂದು ಜಲ್ಲಿಕಲ್ಲು ಇಷ್ಟು ದಿನದ ಕೆಲಸವನ್ನು ಕೆಡಿಸಬಲ್ಲದು. ಸಂಕನ್ ಭಾಗದ ತಳದಿಂದ ಹೊರಗೋಡೆಗೆ 25 ಮಿಲಿಮೀಟರಿನ ಒಂದು ಸಣ್ಣ ಕೊಳವೆಯನ್ನು ಮೊದಲೇ ಇಟ್ಟು, ಅದರ ಸುತ್ತಲೂ ಲೇಪನ ಮಾಡಿಸಿದ್ದೆ. ಮುಂದೆ ಎಂದಾದರೂ ತಳದಲ್ಲಿ ನೀರು ಸೇರಿದರೆ ಸೀಲಿಂಗಿಗೆ ಇಳಿಯುವ ಮೊದಲು ಹೊರಗೋಡೆಯಲ್ಲಿ ಹನಿ ಕಾಣುತ್ತದೆ.

34ರಿಂದ 40ನೇ ದಿನ: ವಾಟ ಮತ್ತು ಟೈಲ್ಸ್

ಪಾರದರ್ಶಕ ಕೊಳವೆಗೆ ನೀರು ತುಂಬಿ, ಒಳಗೆ ಒಂದೂ ಗುಳ್ಳೆ ಇಲ್ಲದಂತೆ ನೋಡಿ, ನಾಲ್ಕೂ ಗೋಡೆಗೆ ಒಂದೇ ಮಟ್ಟದ ಗೆರೆ ಹಾಕಿದೆವು. ಆ ಗೆರೆಯಿಂದ ಕೆಳಕ್ಕೆ ಅಳೆದು ವಾಟ (ನೀರು ಹರಿಯುವ ಇಳಿಜಾರು) ಗೊತ್ತು ಮಾಡಿದ್ದು. ಷವರಿನ ಕೆಳಗೆ ಐವತ್ತಕ್ಕೆ ಒಂದು, ಅಂದರೆ ಒಂದೂವರೆ ಮೀಟರಿಗೆ 30 ಮಿಲಿಮೀಟರ್ ಇಳಿಜಾರು. ಉಳಿದ ಕಡೆ ಎಂಬತ್ತಕ್ಕೆ ಒಂದು ಸಾಕು. ಹೆಚ್ಚಾದರೆ ನಿಂತಾಗ ಕಾಲಿಗೆ ತಿಳಿಯುತ್ತದೆ. ಗಾರೆ ಒಂದಕ್ಕೆ ನಾಲ್ಕು, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟೇ ನೀರು. ಇದರ ಮೇಲೂ ಎರಡು ಕೈ ಲೇಪನ, ಇದಕ್ಕೂ ನೀರಿನ ಪರೀಕ್ಷೆ. ವಾಟವನ್ನು ಟೈಲ್ಸ್ ಹಾಕುವಾಗ ಅಂಟಿನ ದಪ್ಪದಿಂದ ಸರಿಮಾಡಿಕೊಳ್ಳುತ್ತೇವೆ ಎನ್ನುವವರ ಮಾತು ಒಪ್ಪಬೇಡಿ. ಅಂಟು ಹಿಡಿಸಲು ಇರುವುದು, ಹಳ್ಳ ತುಂಬಲು ಅಲ್ಲ.

ಟೈಲ್ಸ್ ಹಾಕುವಾಗ ನಾನು ಹಠ ಹಿಡಿದದ್ದು ಒಂದೇ ವಿಷಯಕ್ಕೆ. ಹಲ್ಲು ಕರಣೆಯಿಂದ ಅಂಟನ್ನು ಒಂದೇ ದಿಕ್ಕಿನ ಸಾಲುಗಳಾಗಿ ಎಳೆದು, ಟೈಲಿನ ಹಿಂಬದಿಗೂ ತೆಳುವಾಗಿ ಸವರಿ, ಒತ್ತಿ ಕೂರಿಸಬೇಕು. ಮೊದಲ ಟೈಲನ್ನು ಮತ್ತೆ ಎತ್ತಿ ತಿರುಗಿಸಿ ನೋಡಬೇಕು. ನಮ್ಮ ಮೊದಲನೆಯದರಲ್ಲಿ ಒಂದು ಮೂಲೆ ಬರಿದಾಗಿತ್ತು. ಎರಡನೆಯದರಲ್ಲಿ ಸಾಲುಗಳೆಲ್ಲ ಚಪ್ಪಟೆಯಾಗಿ ಕೂಡಿಕೊಂಡು ಇಡೀ ಹಿಂಬದಿ ಬೂದುಬಣ್ಣವಾಗಿತ್ತು. ಹಾಗೆಯೇ ಮುಂದುವರಿಯಿತು. ವಿಟ್ರಿಫೈಡ್ ಟೈಲನ್ನು ನೀರಿನಲ್ಲಿ ನೆನೆಸುವ ಅಗತ್ಯವಿಲ್ಲ, ಅದು ನೀರು ಹೀರುವುದು ಅರ್ಧ ಶೇಕಡಕ್ಕಿಂತ ಕಡಿಮೆ. ಟ್ರ್ಯಾಪಿನ ಸುತ್ತ ವಾಟ ನಾಲ್ಕು ಕಡೆಯಿಂದ ಇಳಿಯುವುದರಿಂದ ಅಲ್ಲಿ ಸಣ್ಣ ಟೈಲ್ಸ್ ಹಾಕಿಸಿದೆ. ಸಂದು 3 ಮಿಲಿಮೀಟರ್. ಗೋಡೆ ನೆಲ ಕೂಡುವ ಮೂಲೆಗೆ ಮಾತ್ರ ಸಂದುಗಾರೆ ಬೇಡ, ಸಿಲಿಕೋನ್ ಬೇಕು. ಗೋಡೆಯೂ ನೆಲವೂ ಬೇರೆ ಬೇರೆಯಾಗಿ ಹಿಗ್ಗುತ್ತವೆ, ಅಲ್ಲಿ ಗಟ್ಟಿಯಾದದ್ದು ಯಾವುದೂ ಉಳಿಯುವುದಿಲ್ಲ.

ಕೊನೆಗೆ ನಾಣ್ಯದಿಂದ ಪ್ರತಿ ಟೈಲನ್ನೂ ತಟ್ಟಿ ಕೇಳಿದೆ. ಗೋಡೆಯಲ್ಲಿ ಎರಡು ಟೈಲ್ಸ್ ಪೊಳ್ಳು ಸದ್ದು ಕೊಟ್ಟವು. ಎರಡನ್ನೂ ತೆಗೆಸಿ ಹೊಸದಾಗಿ ಹಾಕಿಸಿದೆ.

41ನೇ ದಿನದಿಂದ: ಕೋಣೆಯ ಗೋಡೆ

ಮಲಗುವ ಕೋಣೆಯ ಕಡೆ, ಕಲೆಯ ಅಂಚಿನಿಂದ ಒಂದು ಅಡಿ ಆಚೆಯ ತನಕ ಗಿಲಾವನ್ನು ಕೆತ್ತಿ ತೆಗೆಸಿದೆ. ಲವಣ ತುಂಬಿದ ಗಿಲಾವು ಗಾಳಿಯ ತೇವವನ್ನೇ ಹೀರಿಕೊಂಡು ಮತ್ತೆ ಒದ್ದೆಯಾಗುತ್ತದೆ. ಸೋರಿಕೆ ನಿಂತರೂ ಕಲೆ ನಿಲ್ಲುವುದಿಲ್ಲ. ಇಟ್ಟಿಗೆಯ ಮೇಲಿನ ಉಪ್ಪನ್ನು ಒಣ ಬ್ರಷ್ಷಿನಿಂದ ಗುಡಿಸಿ ಹೊರಗೆ ಹಾಕಬೇಕು. ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ವಾರಕ್ಕೊಮ್ಮೆ ಗುಡಿಸುತ್ತಿದ್ದೇನೆ. ಮೊದಲ ವಾರ ಒಂದು ಹಿಡಿ ಬಂತು, ಮೂರನೆಯ ವಾರ ಬೆರಳಿಗೆ ಅಂಟುವಷ್ಟು.

ಗೋಡೆ ಆರಲು ದಪ್ಪದ ಪ್ರತಿ 25 ಮಿಲಿಮೀಟರಿಗೆ ಸುಮಾರು ಒಂದು ತಿಂಗಳು ಎಂಬುದು ಕಟ್ಟಡದವರ ಹಳೆಯ ಅಂದಾಜು. ಇದು 100 ಮಿಲಿಮೀಟರ್ ಗೋಡೆ. ಬರಿ ಇಟ್ಟಿಗೆ ಕಾಣುವ ಗೋಡೆಯ ಪಕ್ಕದಲ್ಲಿ ನಾಲ್ಕು ತಿಂಗಳು ಮಲಗುವುದು ಮನೆಯವರಿಗೆ ಇಷ್ಟವಿಲ್ಲ, ನನಗೂ ಕಣ್ಣಿಗೆ ಹಿತವಿಲ್ಲ. ಆದರೂ ಕಿಟಕಿ ತೆರೆದಿಟ್ಟು ಕಾಯುತ್ತಿದ್ದೇವೆ.

96ನೇ ದಿನ

ಇಟ್ಟಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಅಂಟಿಸಿ ಎರಡು ದಿನ ಬಿಟ್ಟಿದ್ದೆ. ಇಂದು ಬೆಳಿಗ್ಗೆ ತೆಗೆದು ಬೆಳಕಿಗೆ ಹಿಡಿದೆ. ಮೇಲಿನ ಅರ್ಧ ಎರಡೂ ಬದಿ ಒಣಗಿದೆ. ಕೆಳಗಿನ ಅಂಚಿನಲ್ಲಿ ಗೋಡೆಯ ಬದಿಗೆ ಏಳೆಂಟು ಹನಿ ಇವೆ. ಸೀಲಿಂಗಿನ ಉಂಗುರ ಮೊದಲ ದಿನದ ಪೆನ್ಸಿಲ್ ಗೆರೆಯಿಂದ ಹೊರಗೆ ಬಂದಿಲ್ಲ. ಗಿಲಾವು ಇನ್ನೊಂದು ತಿಂಗಳು ಮುಂದಕ್ಕೆ. ಹಾಳೆಯನ್ನು ಒರೆಸಿ ಅದೇ ಜಾಗಕ್ಕೆ ಮತ್ತೆ ಅಂಟಿಸಿದ್ದೇನೆ.